ಮೂರು ವರ್ಷದ ಮಗುವಿಗೆ ಎಂಥ ಉದ್ಯೋಗ?

ಬೆಂಗಳೂರಿನ ಆಸ್ಪತ್ರೆಯೊಂದರ ಮೊದಲ ಮಹಡಿಯಲ್ಲಿ ‘ಔದ್ಯೋಗಿಕ ಚಿಕಿತ್ಸಾ ವಿಭಾಗ’ ಎಂಬ ಫಲಕದ ಕೆಳಗೆ ನನ್ನ ಪತ್ನಿ, ನನ್ನ ತಾಯಿ ಮತ್ತು ನಾನು ಸರದಿಗಾಗಿ ಕಾದು ಕುಳಿತಿದ್ದೆವು. ಅದು 2011ರ ಮಳೆಗಾಲ. ಪತ್ನಿಯ ಮಡಿಲಲ್ಲಿದ್ದ ಮಗನಿಗೆ ಆಗಷ್ಟೇ ಮೂರು ತುಂಬಿತ್ತು. ಅವನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿ ಹದಿನೈದು ದಿನ ಕಳೆದಿತ್ತು. ಫಲಕವನ್ನು ಎರಡೆರಡು ಬಾರಿ ಓದಿದ ನನ್ನ ತಾಯಿ, ‘ಅಲ್ಲ ಕಣೋ, ಮೂರು ವರ್ಷದ ಮಗೂಗೆ ಎಂಥ ಉದ್ಯೋಗ ಕೊಡಿಸ್ತಾರೆ ಇವರು?’ ಎಂದು ಕೇಳಿದರು. ನಗುವ ಸ್ಥಿತಿಯಲ್ಲಿ ನಾವಿರಲಿಲ್ಲ. ಆದರೂ ಮೂವರೂ ನಕ್ಕೆವು.

ತಾಯಿಯ ಪ್ರಶ್ನೆಗೆ ಉತ್ತರ ತಿಳಿಯಲು ನನಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂಗ್ಲಿಷಿನ ‘ಆಕ್ಯುಪೇಷನ್’ ಎಂಬ ಪದವನ್ನು ಉದ್ಯೋಗವೆಂದು ಅನುವಾದಿಸಿದವರು ಅವಸರದಲ್ಲಿದ್ದಿರಬೇಕು. ಮನುಷ್ಯನ ಹೊತ್ತನ್ನು ತುಂಬುವ ಎಲ್ಲ ಕೆಲಸಗಳೂ ಆ ಪದದ ವ್ಯಾಪ್ತಿಗೆ ಬರುತ್ತವೆ. ಹಲ್ಲುಜ್ಜುವುದು, ಸ್ನಾನ ಮಾಡುವುದು, ಅನ್ನ ಕಲಸಿ ತುತ್ತು ಮಾಡುವುದು, ಚಪ್ಪಲಿ ಮೆಟ್ಟುವುದು, ಓರಗೆಯವರೊಡನೆ ಆಡುವುದು, ಇವೇ ಮಗುವಿನ ಉದ್ಯೋಗ. ಆ ಕೆಲಸಗಳಿಗೆ ಅಡ್ಡಿಯಾಗಿರುವುದೇನೆಂದು ಹುಡುಕುವುದು, ಮಗುವನ್ನೋ ಕೆಲಸವನ್ನೋ ಸುತ್ತಲಿನ ಪರಿಸರವನ್ನೋ ಅದಕ್ಕೆ ತಕ್ಕಂತೆ ಅಣಿಗೊಳಿಸುವುದು ಆಕ್ಯುಪೇಷನಲ್ ಥೆರಪಿಸ್ಟರ ಕಾಯಕ. ಅಮೆರಿಕದಲ್ಲಿ 1917ರಲ್ಲಿ ಸಂಘಟಿತ ರೂಪ ಪಡೆದ ಈ ವೃತ್ತಿ ಮೊದಲ ಮಹಾಯುದ್ಧದ ಗಾಯಾಳುಗಳ ನಡುವೆ ಬೆಳೆಯಿತು. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಆರಂಭಿಸಿದವರು ಕಮಲಾ ನಿಂಬಕರ್. ಇಷ್ಟು ಹಳೆಯ ವೃತ್ತಿಯಾದರೂ ವಿದ್ಯಾವಂತರೆನಿಸಿಕೊಂಡ ನಮ್ಮ ಬಳಗದಲ್ಲಿ ಆಗ ಒಬ್ಬರಿಗೂ ಇದರ ಪರಿಚಯವಿರಲಿಲ್ಲ. ಬ್ಯಾಂಕ್ ನೌಕರನಾದ ನನಗಂತೂ ಫಿಸಿಯೋಥೆರಪಿಗೂ ಇದಕ್ಕೂ ವ್ಯತ್ಯಾಸವೇ ತಿಳಿದಿರಲಿಲ್ಲ.

ಅಮೆರಿಕದ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಆಟಿಸಂ ಅನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ವರ್ಣಿಸಿದಾಗ ಹೆಚ್ಚಿನ ಒತ್ತು ಬಿದ್ದದ್ದು ಈ ಮಕ್ಕಳ ಒಂಟಿತನ ಹಾಗೂ ಮಾತಿನ ಮೇಲೆ. ಸದ್ದು, ಬೆಳಕು, ಸ್ಪರ್ಶಗಳು ಅವರನ್ನು ಬೇರೆಯೇ ರೀತಿಯಲ್ಲಿ ತಟ್ಟುತ್ತವೆ ಎಂಬುದಕ್ಕೆ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಲಕ್ಷಣದ ಸ್ಥಾನ ಸಿಕ್ಕಿದ್ದು 2013ರ ಪರಿಷ್ಕರಣೆಯಲ್ಲಿ. ನಮ್ಮ ಮನೆಯಲ್ಲಿ ಆ ಜ್ಞಾನ ಅದಕ್ಕೂ ಮೊದಲೇ ಆಗಿತ್ತೆನ್ನಿ. ಕುಕ್ಕರಿನ ಸೀಟಿ ಕೂಗಿದರೆ ಮಗ ಮಂಚದ ಕೆಳಗೆ ಸೇರುತ್ತಿದ್ದ. ಅಂಗಿಯ ಕೊರಳಪಟ್ಟಿಯ ಚೀಟಿಯನ್ನು ಕತ್ತರಿಸದೆ ತೊಡಿಸಿದರೆ ರಂಪವಾಗುತ್ತಿತ್ತು. ಮದುವೆಮನೆಯಲ್ಲಿ ವಾಲಗ ಶುರುವಾದರೆ ನಮ್ಮಲ್ಲಿ ಒಬ್ಬರು ಅವನನ್ನೆತ್ತಿಕೊಂಡು ರಸ್ತೆಗೆ ಓಡಬೇಕಾಗಿತ್ತು. ಕ್ರಮೇಣ ಮದುವೆಗಳಿಗೆ ಹೋಗುವುದನ್ನೇ ಬಿಟ್ಟೆವು.

ನಕ್ಕಿದ್ದ ನನ್ನ ತಾಯಿಯೇ ಮುಂದೆ, ‘ಇವಳು ಸ್ಕೂಲು ಸ್ಕೂಲು ಅಂತ ಓಡಾಡಿದ್ದಕ್ಕೇ ಮಗು ಹೀಗಾಗಿದ್ದು’ ಎಂದು ಸೊಸೆಯ ಕಡೆ ಬೆರಳು ತೋರಿದರು. ಅವರನ್ನಷ್ಟೇ ದೂರಿ ಫಲವಿಲ್ಲ. ಬ್ರೂನೋ ಬೆಟಲ್‌ಹೈಮ್ ಎಂಬ ಷಿಕಾಗೋದ ಪ್ರಾಧ್ಯಾಪಕರು 1967ರಲ್ಲಿ ಪುಸ್ತಕವನ್ನೇ ಬರೆದು ತಾಯಂದಿರ ವಾತ್ಸಲ್ಯದ ಕೊರತೆಯೇ ಆಟಿಸಂಗೆ ಕಾರಣವೆಂದು ಜಗತ್ತನ್ನು ನಂಬಿಸಿದ್ದರು. ಅದಕ್ಕೂ ಮೂರು ವರ್ಷ ಮೊದಲೇ, ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಈ ವಾದವನ್ನು ತಮ್ಮ ಪುಸ್ತಕದಲ್ಲಿ ಅಲ್ಲಗಳೆದಿದ್ದರೂ ತಾಯಂದಿರ ಮೇಲಿನ ಆರೋಪ ಬೇಗ ತೊಲಗಲಿಲ್ಲ. ನನ್ನ ಪತ್ನಿ 2012ರಲ್ಲಿ ಶಿಕ್ಷಕಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಯಾರು ಕೆಲಸ ಬಿಡಬೇಕೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಚರ್ಚೆಗೇ ಬರಲಿಲ್ಲ. ಬರಬೇಕಿತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಆಸ್ಪತ್ರೆಯ ಸರದಿ ಉದ್ದವಾಗಿದ್ದುದರಿಂದ ನಾವು ಮೊದಲು ಹಿಡಿದದ್ದು ಖಾಸಗಿ ಕೇಂದ್ರವೊಂದನ್ನು. ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ 45 ನಿಮಿಷ. ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ತಾಯಂದಿರು ಸಾಲಾಗಿ ಕುಳಿತಿರುತ್ತಿದ್ದರು. ಶನಿವಾರಗಳಂದು ಹೋಗುತ್ತಿದ್ದ ನಾನೊಬ್ಬನೇ ಅಲ್ಲಿನ ಗಂಡಸು. ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ‘ಚೆನ್ನಾಗಿ ಸಹಕರಿಸುತ್ತಿದ್ದಾನೆ’ ಎಂಬ ಒಂದೇ ಉತ್ತರ. ವರ್ಷ ಕಳೆಯುವಷ್ಟರಲ್ಲಿ ಮಗ ಅಲ್ಲಿನ ತೂಗುಮಂಚದ ಮೇಲೆ ಧೈರ್ಯವಾಗಿ ಕೂರಲು ಕಲಿತಿದ್ದ. ಮನೆಯಲ್ಲಿ ಹಲ್ಲುಜ್ಜುವ ಹೊತ್ತಿನ ಚೀರಾಟ ಮಾತ್ರ ಹಾಗೆಯೇ ಇತ್ತು. ವಾರಕ್ಕೆ 168 ಗಂಟೆಗಳು. ಅದರಲ್ಲಿ ಒಂದೂವರೆ ಗಂಟೆ ಚಿಕಿತ್ಸೆ. ಉಳಿದ ನೂರರವತ್ತಾರೂವರೆ ಗಂಟೆ ನಾವು ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಎರಡನೆಯ ಥೆರಪಿಸ್ಟ್ ಭೇಟಿಯಾದದ್ದು ಇಂಥ ಹೊತ್ತಿನಲ್ಲಿ. ಆಕೆ ಮಗುವನ್ನು ನೋಡುವ ಮೊದಲೇ ನನ್ನ ಪತ್ನಿಯನ್ನು ಕೇಳಿದರು: ‘ಮೇಡಂ, ನಿಮ್ಮ ದಿನದಲ್ಲಿ ಅತ್ಯಂತ ಕಷ್ಟದ ಗಂಟೆ ಯಾವುದು?’ ಪತ್ನಿ ಉತ್ತರಿಸುವ ಬದಲು ಅಳಲಾರಂಭಿಸಿದಳು. ಅಷ್ಟು ದಿನ ಎಲ್ಲರೂ ಮಗುವಿನ ಕುರಿತು ಕೇಳಿದ್ದರೇ ಹೊರತು ಅವಳ ದಿನದ ಬಗ್ಗೆ ಯಾರೂ ಕೇಳಿರಲಿಲ್ಲ.

ಕಷ್ಟದ ಗಂಟೆ ಬೆಳಗಿನ ಏಳರಿಂದ ಎಂಟು. ಒಂದು ಬೆಳಿಗ್ಗೆ ಆಕೆ ನಮ್ಮ ಮನೆಗೇ ಬಂದು, ಒಂದು ಮೂಲೆಯಲ್ಲಿ ಕುಳಿತು, ಏನೂ ಹೇಳದೆ ಆ ಗಂಟೆಯನ್ನು ನೋಡಿದರು. ಬಳಿಕ ಅವರು ಸೂಚಿಸಿದ ಬದಲಾವಣೆಗಳು ತೀರಾ ಸಣ್ಣವು. ಬ್ರಷ್ ಮೆದುವಾಯಿತು, ಪೇಸ್ಟಿನಿಂದ ಪುದೀನಾದ ಖಾರ ಹೋಯಿತು. ಸ್ನಾನಕ್ಕೆ ಮುಂಚೆ ಕೈಕಾಲುಗಳನ್ನು ಒರಟು ಟವೆಲಿನಿಂದ ಒತ್ತಿ ಉಜ್ಜುವುದು ಆರಂಭವಾಯಿತು. ಮೃದುವಾಗಿ ಸವರಿದರೆ ಸಿಡಿದೇಳುವ ಮಗು ಗಟ್ಟಿಯಾಗಿ ಒತ್ತಿದರೆ ಶಾಂತವಾಗುವುದನ್ನು ಕಂಡು ನಾವು ಬೆರಗಾದೆವು. ಐದು ಇಂದ್ರಿಯಗಳಲ್ಲದೆ ಸ್ನಾಯು ಮತ್ತು ಕೀಲುಗಳ ಅರಿವು, ಒಳಕಿವಿಯ ಸಮತೋಲನದ ಅರಿವು ಎಂಬವೂ ಇವೆಯೆಂದು ತಿಳಿದದ್ದು ಆಗಲೇ. ಮುಂದೆ ಆಗಬೇಕಾದ ಕೆಲಸಗಳ ಚಿತ್ರಗಳನ್ನು ಅಡುಗೆಮನೆಯ ಬಾಗಿಲಿಗೆ ಸಾಲಾಗಿ ಅಂಟಿಸಿದೆವು. ಅಂಗಿಯ ಗುಂಡಿ ಹಾಕುವುದನ್ನು ಕಲಿಸಿದ ಬಗೆಯಂತೂ ನನಗೆ ಬಹಳ ಹಿಡಿಸಿತು. ಎಲ್ಲ ಗುಂಡಿಗಳನ್ನೂ ನಾವು ಹಾಕಿ, ಕೊನೆಯದನ್ನು ಅರ್ಧ ತೂರಿಸಿ ಬಿಡಬೇಕು. ಅದನ್ನು ಎಳೆದು ಮುಗಿಸುವುದಷ್ಟೇ ಅವನ ಪಾಲು. ಅದು ಕೈವಶವಾದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಹೀಗೆ ಹಿಂದಿನಿಂದ ಮುಂದಕ್ಕೆ ಕಲಿತರೆ ಪ್ರತಿ ಸಲವೂ ಕೆಲಸ ಮುಗಿಸಿದ ಗೆಲುವು ಮಗುವಿನದೇ ಆಗುತ್ತದೆ. ಐದು ಗುಂಡಿಗಳಿಗೆ ಏಳು ತಿಂಗಳು ಬೇಕಾಯಿತು.

ಕ್ಷೌರದ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿಯತನಕ ಮಗ ನಿದ್ದೆಯಲ್ಲಿದ್ದಾಗ ಪತ್ನಿ ಟಾರ್ಚ್ ಹಿಡಿಯುವುದು, ನಾನು ಕತ್ತರಿ ಆಡಿಸುವುದು ನಡೆದಿತ್ತು. ಒಮ್ಮೆ ಅಂಗಡಿಗೆ ಕರೆದೊಯ್ದು ಮೂವರು ಹಿಡಿದುಕೊಂಡು ಕತ್ತರಿಸಲು ಹೋದಾಗ ಅವನು ವಾಂತಿ ಮಾಡಿಕೊಂಡಿದ್ದ. ‘ಎರಡು ಬಿಡಿ ಸರ್, ಸರಿಹೋಗ್ತಾನೆ’ ಎಂದು ಅಲ್ಲಿದ್ದ ಗಿರಾಕಿಯೊಬ್ಬರು ಸಲಹೆ ಕೊಟ್ಟಿದ್ದರು. ಥೆರಪಿಸ್ಟ್ ಆ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ತಾವೇ ಕುಳಿತು ನೋಡಿದರು. ಕಾಲು ನೆಲಕ್ಕೆ ಎಟುಕದೆ ನೇತಾಡುವುದರಿಂದ ಬೀಳುವ ಭಯ, ಕೊರಳಿಗೆ ಬಿಗಿಯುವ ಹೊದಿಕೆ, ತಟ್ಟನೆ ಸಿಂಪಡಿಸುವ ತಣ್ಣೀರು, ಕಿವಿಯ ಬಳಿ ಗುಂಯ್‌ಗುಡುವ ಯಂತ್ರ, ಬೆನ್ನಿಗೆ ಚುಚ್ಚುವ ಕೂದಲ ಚೂರು, ಕನ್ನಡಿಯ ತುಂಬ ಅಪರಿಚಿತ ಮುಖಗಳು. ನಾವು ಹಟವೆಂದು ಕರೆಯುತ್ತಿದ್ದುದನ್ನು ಅವರು ಆರು ಕಾರಣಗಳಾಗಿ ಬಿಡಿಸಿಟ್ಟರು. ಕಾಲಿಗೆ ಮಣೆ ಬಂತು. ಹೊದಿಕೆಯ ಬದಲು ಮನೆಯ ಹಳೆಯ ಪಂಚೆ, ನೀರಿಲ್ಲದೆ ಬರೀ ಕತ್ತರಿ, ಹೊರಡುವ ಮುಂಚೆ ತಲೆಗೆ ಎಣ್ಣೆ ಒತ್ತಿ ತಿಕ್ಕುವುದು. ಉಳಿದದ್ದು ಅಪರಿಚಿತ ಮುಖಗಳ ಸಮಸ್ಯೆ. ಅದನ್ನು ಬಗೆಹರಿಸಿದವರು ಅಂಗಡಿಯವರೇ. ಮಂಗಳವಾರ ಕ್ಷೌರದ ಅಂಗಡಿಗಳಿಗೆ ರಜೆಯಷ್ಟೆ? ನಮಗಾಗಿ ಅವರು ಆ ದಿನ ಬಾಗಿಲನ್ನು ಅರ್ಧ ಎತ್ತಿ ಕಾಯುತ್ತಿದ್ದರು. ಮೊದಲ ಮಂಗಳವಾರ ಮಗ ಕುರ್ಚಿಯನ್ನು ಮುಟ್ಟಿ ಬಂದ. ಮೂರನೆಯ ವಾರ ಕುಳಿತ. ಒಂಬತ್ತನೆಯ ವಾರ ಎಡಗಿವಿಯ ಮೇಲಿನ ಕೂದಲು ಕತ್ತರಿಸಿಕೊಂಡು ಇಳಿದುಬಿಟ್ಟ. ಬಲಗಡೆಯದು ಮುಂದಿನ ಮಂಗಳವಾರಕ್ಕೆ. ಆ ಏಳು ದಿನ ಅವನನ್ನು ಅದೇ ವೇಷದಲ್ಲಿ ಬೀದಿಯಲ್ಲಿ ತಿರುಗಾಡಿಸುವಾಗ ನನಗೆ ಎಂದೂ ಆಗದಷ್ಟು ಹೆಮ್ಮೆಯಾಗಿತ್ತು. ಅಂಗಡಿಯವರು ಆ ಮಂಗಳವಾರಗಳಿಗೆ ಹೆಚ್ಚಿನ ಹಣ ಮುಟ್ಟಲಿಲ್ಲ.

ನನ್ನ ತಾಯಿಯೂ ಬದಲಾದರು. ಬೆರಳುಗಳ ಶಕ್ತಿ ಹೆಚ್ಚಿಸಲೆಂದು ನಾನು ದುಬಾರಿ ಬೆಲೆಯ ವಿದೇಶಿ ಮೇಣದಂಥ ಮುದ್ದೆಯನ್ನು ತಂದಿದ್ದೆ. ಅದನ್ನು ಒಂದು ದಿನ ನೋಡಿದ ಅವರು ಮರುದಿನ ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಮೊಮ್ಮಗನ ಮುಂದಿಟ್ಟರು. ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಹಾರಿದ್ದನ್ನು ಕಂಡು ಅವನು ಕೇಕೆ ಹಾಕಿದ. ಥೆರಪಿಸ್ಟ್ ಇದನ್ನು ನೋಡಿ ಆ ವಿದೇಶಿ ಮುದ್ದೆಯನ್ನು ಪೆಟ್ಟಿಗೆಗೆ ಹಾಕಿಸಿದರು. ಚಪಾತಿ ಹಿಟ್ಟು ನಾದುವುದು, ಅರ್ಧ ತುಂಬಿದ ಬಿಂದಿಗೆಯನ್ನು ಎತ್ತಿ ಗಿಡಗಳಿಗೆ ಸುರಿಯುವುದು, ಅಳಗುಳಿಮಣೆಯಲ್ಲಿ ಹುಣಸೆಬೀಜ ಹಂಚುವುದು, ಎಲ್ಲವೂ ಪಟ್ಟಿಗೆ ಸೇರಿದವು. ಆ ಜನವರಿಯಲ್ಲಿ ನಾವು ತಿಂದಷ್ಟು ಹಿತುಕಿದ ಅವರೆಯ ಸಾರನ್ನು ಬೆಂಗಳೂರಿನಲ್ಲಿ ಬೇರಾರೂ ತಿಂದಿರಲಾರರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ದಾಖಲಿಸಬೇಕು. ಉಯ್ಯಾಲೆ, ಚೆಂಡು, ಒತ್ತಡಗಳ ಮೂಲಕ ಮಿದುಳು ಇಂದ್ರಿಯಗಳ ಸುದ್ದಿಯನ್ನು ಹದವಾಗಿ ಹೆಣೆಯುವಂತೆ ಮಾಡುವ ಸೆನ್ಸರಿ ಇಂಟಿಗ್ರೇಷನ್ ಪದ್ಧತಿಗೆ ಅಡಿಪಾಯ ಹಾಕಿದವರು ಅಮೆರಿಕದ ಜೀನ್ ಏರ್ಸ್. ಅವರ ಪ್ರಮುಖ ಗ್ರಂಥ ಬಂದದ್ದು 1972ರಲ್ಲಿ. ಈ ಪದ್ಧತಿಗೆ ಪುರಾವೆಗಳು ಮಿಶ್ರವಾಗಿವೆ. ಇದರ ಬಗೆಗಿನ ಸಂಶೋಧನೆ ಸೀಮಿತವೆಂಬುದನ್ನು ಪೋಷಕರಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. 2014ರಲ್ಲಿ ಪ್ರಕಟವಾದ 32 ಮಕ್ಕಳ ಅಧ್ಯಯನವೊಂದು ಆಶಾದಾಯಕವಾಗಿತ್ತು. 2022ರಲ್ಲಿ ಬಂದ ಬ್ರಿಟನ್ನಿನ 138 ಮಕ್ಕಳ ಅಧ್ಯಯನದಲ್ಲಿ ಒಟ್ಟಾರೆಯಾಗಿ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಬಣ್ಣದ ಉಯ್ಯಾಲೆಗಳ ಚಿತ್ರ ಹಾಕಿ ‘ಆಟಿಸಂ ಗುಣಪಡಿಸುತ್ತೇವೆ’ ಎನ್ನುವ ಫ್ಲೆಕ್ಸ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಟಿಸಂ ಗುಣವಾಗುವ ಕಾಯಿಲೆಯಲ್ಲ. ನಮ್ಮ ಮನೆಯಲ್ಲಿ ಗುಣವಾದದ್ದು ಬೆಳಗಿನ ಏಳರಿಂದ ಎಂಟು.

ಅದೂ ಎಲ್ಲರಿಗೂ ದಕ್ಕುವಂತಿಲ್ಲ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಮ್ಮೆ ಪಾವಗಡ ತಾಲ್ಲೂಕಿನಿಂದ ಬಂದಿದ್ದ ತಾಯಿಯೊಬ್ಬರು ಸಿಕ್ಕಿದ್ದರು. ಒಂದು ಭೇಟಿಗೆ ಎರಡು ದಿನದ ಕೂಲಿ, ಬಸ್ಸಿನ ಖರ್ಚು, ಬಸ್ಸಿನಲ್ಲಿ ಮಗು ಕಿರುಚಿದರೆ ಜನರ ಬೈಗುಳ. ‘ಮನೇಲಿ ಏನು ಮಾಡ್ಬೇಕು ಅಂತ ಹೇಳ್ಕೊಟ್ರೆ ನಾನೇ ಮಾಡ್ತೀನಣ್ಣ, ವಾರವಾರ ಇಲ್ಲೀಗಂಟ ಬರಾಕಾಗಲ್ಲ’ ಎಂದರು. ಅವರನ್ನು ಮತ್ತೆ ಅಲ್ಲಿ ನಾನು ಕಾಣಲಿಲ್ಲ.

ಆ ತಾಯಿ ಕೇಳಿದ್ದು ಅಸಾಧ್ಯವಾದದ್ದೇನಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಡನೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 12 ಭೇಟಿಗಳಲ್ಲಿ ಪೋಷಕರಿಗೆ ಮಗುವಿನೊಡನೆ ಸಂವಹನ ನಡೆಸುವುದನ್ನು ಕಲಿಸಿದಾಗ ತಾಯಿ–ಮಗುವಿನ ಒಡನಾಟ ಸುಧಾರಿಸಿತ್ತು. ಅದು ಆಕ್ಯುಪೇಷನಲ್ ಥೆರಪಿಯಲ್ಲ, ನಿಜ. ಆದರೆ ಗುಂಡಿ ಹಾಕುವುದನ್ನು ಕಲಿಸುವ ವಿದ್ಯೆಯನ್ನು ಅಂಗನವಾಡಿಯ ಕಾರ್ಯಕರ್ತೆಗೂ ಆಕೆಯ ಮೂಲಕ ತಾಯಿ, ತಂದೆ, ಅಜ್ಜಿಯರಿಗೂ ದಾಟಿಸಲು ಏನಡ್ಡಿ? ಕಾನೂನುಗಳು ಬಂದಿವೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಗುರುತಿಸಿತು. 2016ರ ಕಾಯ್ದೆ 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಪ್ರವೇಶ ಕೇಂದ್ರಗಳ ಯೋಜನೆ ಬಂತು. ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. 2021ರ ಕಾಯ್ದೆ ಆಕ್ಯುಪೇಷನಲ್ ಥೆರಪಿಸ್ಟರಿಗೂ ರಾಷ್ಟ್ರಮಟ್ಟದ ಶಾಸನಬದ್ಧ ಮಾನ್ಯತೆ ಕೊಟ್ಟಿತು. ಜಿಲ್ಲಾ ಕೇಂದ್ರದಿಂದ ಹಳ್ಳಿಯ ಅಡುಗೆಮನೆಯವರೆಗಿನ ದಾರಿಯನ್ನು ಮಾತ್ರ ಯಾರೂ ಹಾಕಿಲ್ಲ. ತಾಲ್ಲೂಕಿಗೊಬ್ಬ ಥೆರಪಿಸ್ಟ್ ಇದ್ದು, ವಾರದಲ್ಲಿ ಎರಡು ದಿನ ಕೋಣೆ ಬಿಟ್ಟು ಮನೆಗಳಿಗೆ ಹೋಗುವುದೇ ಅವರ ಕೆಲಸದ ಭಾಗವಾಗಬೇಕು. ಕೋಣೆಯೊಳಗೆ ನಡೆಯುವ ಚಿಕಿತ್ಸೆಗೂ ಪೋಷಕರನ್ನು ಕೂಡಿಸಿಕೊಳ್ಳುವುದು ನಿಯಮವಾಗಬೇಕು. ಬಾಗಿಲು ಮುಚ್ಚುವ ಕೇಂದ್ರಗಳಿಗೆ ಹಣ ಸುರಿದು ಕಲಿತ ಪಾಠವಿದು.

ನನ್ನ ಮಗನಿಗೆ ಈಗ ಹದಿನೇಳು. ಮಾತು ಕೆಲವೇ. ಬೆಳಿಗ್ಗೆ ತಾನೇ ಸಿದ್ಧನಾಗುತ್ತಾನೆ. ವಾಲಗದ ಸದ್ದಿಗೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾನೆ. ಪತ್ನಿ ಐದು ವರ್ಷಗಳಿಂದ ಮನೆಪಾಠ ಹೇಳುತ್ತಿದ್ದಾಳೆ, ಬಿಟ್ಟುಬಂದ ಹುದ್ದೆ ಮರಳಿ ಸಿಗಲಿಲ್ಲ. ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಕಳೆದ ತಿಂಗಳು ಅವನ ಮೀಸೆ, ಗಡ್ಡ ದಟ್ಟವಾಗಿರುವುದನ್ನು ಕಂಡು ಹಳೆಯ ಥೆರಪಿಸ್ಟರಿಗೆ ಫೋನು ಮಾಡಿದೆ. ‘ಮೊದಲ ವಾರ ಬರೀ ನೊರೆ ಸರ್, ಅದೂ ಅವನ ಕೈಗೆ, ಮುಖಕ್ಕಲ್ಲ’ ಎಂದರು. ಕ್ಷೌರದ ಅಂಗಡಿಯವರಿಗೂ ಹೇಳಿದ್ದೇನೆ. ಅಂಗಡಿ ಈಗ ಅವರ ಮಗನದು. ಮಂಗಳವಾರದ ರಜೆ ಹಾಗೆಯೇ ಇದೆ. ನಿನ್ನೆ ನನ್ನ ಮಗ ನೊರೆಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ, ನಂತರ ಅದನ್ನು ನನ್ನ ಕೆನ್ನೆಗೆ ಹಚ್ಚಿದ.