ಅಂಗಸೌಷ್ಠವದ ಸ್ಪರ್ಧೆಯೂ ನಿಲುವಿನ ಅಭ್ಯಾಸವೂ

ಶಹಾಪುರ ತಾಲ್ಲೂಕಿನ ವನದುರ್ಗವು ಸುರಪುರದ ನಾಯಕರ ಕಾಲದ ಕೋಟೆಯನ್ನುಳ್ಳ ಗ್ರಾಮ. ಆ ಸೀಮೆಯಲ್ಲಿ ಬಲವನ್ನು ಅಳೆಯುವ ಬಗೆ ಹಿಂದಿನಿಂದಲೂ ಒಂದೇ: ಏನನ್ನಾದರೂ ಎತ್ತಬೇಕು, ಇಲ್ಲವೆ ಯಾರನ್ನಾದರೂ ಕೆಡಹಬೇಕು. ಗುಂಡುಕಲ್ಲನ್ನು ಹೆಗಲಿಗೇರಿಸಿದವನು ಗಟ್ಟಿಗ. ಗರಡಿಯ ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ತು ಮಾಡಿದವನು ಪೈಲ್ವಾನ. ಇಂತಹ ಊರಿನ ಯುವಕನೊಬ್ಬನು ದೇಹದಾರ್ಢ್ಯದ ಸ್ಪರ್ಧೆಗೆ ಹೊರಟನೆಂದರೆ ಮನೆಯ ಹಿರಿಯರು "ಅಲ್ಲೇನು ಎತ್ತಬೇಕಪ್ಪಾ?" ಎಂದು ಕೇಳುವುದು ಸಹಜವೇ. ಏನನ್ನೂ ಎತ್ತಬೇಕಾಗಿಲ್ಲ, ನಿಂತು ತೋರಿಸಬೇಕು ಎಂಬ ಉತ್ತರವು ಅವರಿಗೆ ನಗೆಯನ್ನು ತರಬಹುದು. ಆದರೆ ಈ ನಿಲ್ಲುವುದೇ ಎತ್ತುವುದಕ್ಕಿಂತ ಕಷ್ಟವೆಂಬುದನ್ನು ಬಲ್ಲವರು ವಿರಳ.

ಈ ಬಗೆಯ ಸ್ಪರ್ಧೆ ಹೊಸತೇನಲ್ಲ. 1901ನೆಯ ಇಸವಿಯಲ್ಲಿ ಯೂಜಿನ್ ಸ್ಯಾಂಡೋ ಎಂಬ ಪ್ರಸಿದ್ಧ ಬಲಶಾಲಿಯು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಇಂತಹುದೊಂದನ್ನು ಏರ್ಪಡಿಸಿದನು. ಆತನೊಡನೆ ತೀರ್ಪು ನೀಡಲು ಕುಳಿತವರು ಒಬ್ಬ ಶಿಲ್ಪಿ ಮತ್ತು ಪತ್ತೇದಾರಿ ಕಥೆಗಳ ಕಾನನ್ ಡಾಯ್ಲ್. ಶಿಲ್ಪಿಯನ್ನು ಕರೆದುದರಲ್ಲಿ ಔಚಿತ್ಯವಿದೆಯೆಂದು ನಮಗೆ ತೋರುತ್ತದೆ. ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಹೆಸರಾದವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು. 1930ರಲ್ಲಿ ಇಂಗ್ಲಿಷಿನಲ್ಲಿ ಅಂಗಸಾಧನೆಯ ಗ್ರಂಥವನ್ನು ಬರೆದು ಅದರಲ್ಲಿ ತಮ್ಮ ಭಂಗಿಗಳ ಚಿತ್ರಗಳನ್ನು ಕೊಟ್ಟ ಇವರೇ, ಹೊಯ್ಸಳರ ರಾಣಿಯನ್ನು ಕುರಿತ 'ಶಾಂತಲಾ' ಕಾದಂಬರಿಯನ್ನೂ ಬರೆದರು. ಬೇಲೂರಿನ ಮದನಿಕೆಯರ ಭಂಗಿಗಳನ್ನು ಕಂಡವರಿಗೆ ಇವೆರಡೂ ಒಬ್ಬರ ಕೃತಿಗಳೆಂಬುದು ಅಷ್ಟೇನೂ ವಿಚಿತ್ರವೆನಿಸದು.

ಈಗಿನ ಸ್ಪರ್ಧೆಗಳಲ್ಲಿ ಪುರುಷರಿಗೆ ಸಾಮಾನ್ಯವಾಗಿ ಏಳು ಕಡ್ಡಾಯ ಭಂಗಿಗಳಿರುತ್ತವೆ. ಅವುಗಳಲ್ಲಿ 'ಫ್ರಂಟ್ ಡಬಲ್ ಬೈಸೆಪ್ಸ್' ಎಂಬುದೊಂದನ್ನು ವಿವರಿಸಿದರೆ ಉಳಿದವುಗಳ ಮರ್ಮವೂ ತಿಳಿಯುತ್ತದೆ. ನೋಡುವವರಿಗೆ ಇದು ಎರಡೂ ತೋಳುಗಳನ್ನು ಮಡಿಸಿ ಎತ್ತಿ ಹಿಡಿಯುವುದಷ್ಟೆ. ಹೊಸಬನೂ ಹಾಗೆಯೇ ತಿಳಿದು ತೋಳಿನಿಂದಲೇ ಪ್ರಾರಂಭಿಸುತ್ತಾನೆ. ಕಾಲುಗಳು ಸಡಿಲವಾಗಿ, ಹೊಟ್ಟೆ ಮುಂದೆ ಬಂದು, ಭುಜಗಳು ಕಿವಿಯವರೆಗೆ ಏರಿರುತ್ತವೆ. ಕಟ್ಟಬೇಕಾದುದು ಮನೆಯನ್ನು ಕಟ್ಟುವಂತೆ, ತಳಹದಿಯಿಂದ. ಮೊದಲು ಪಾದಗಳು ನೆಲವನ್ನು ಹಿಡಿಯಬೇಕು. ಆಮೇಲೆ ಮೀನಖಂಡ, ತೊಡೆ. ಬಳಿಕ ಹೊಟ್ಟೆಯನ್ನು ಒಳಗೆಳೆದು ಎದೆಗೂಡನ್ನು ಮೇಲೆತ್ತಬೇಕು. ತೋಳುಗಳ ಸರದಿ ಕಡೆಯದು. ಮೊಣಕೈಗಳು ಭುಜದ ಮಟ್ಟದಲ್ಲಿದ್ದು ಮುಷ್ಟಿಗಳು ಒಳಕ್ಕೆ ಬಾಗಿರಬೇಕು. ಇಷ್ಟೆಲ್ಲವನ್ನೂ ಹಿಡಿದಿಟ್ಟುಕೊಂಡು, ಮುಖದಲ್ಲಿ ಮಾತ್ರ ಏನೂ ಆಗಿಲ್ಲವೆಂಬ ಪ್ರಸನ್ನತೆಯನ್ನು ತೋರಬೇಕು!

ಬೆನ್ನು ತೋರಿಸುವ ಭಂಗಿಯಲ್ಲಿ ಒಂದು ಕಾಲನ್ನು ಹಿಂದಿಟ್ಟು ಮುಂಗಾಲಿನ ಮೇಲೆ ಊರಬೇಕು. ಇಲ್ಲವಾದರೆ ಮೀನಖಂಡವು ಎದ್ದು ಕಾಣದು. ಭಂಗಿಗಳ ನಡುವೆ ವಿಶ್ರಾಂತಿಯಿಂದ ನಿಂತಂತೆ ಕಾಣುವಾಗಲೂ ಮೈ ಬಿಗಿಯಾಗಿಯೇ ಇರತಕ್ಕದ್ದು; ಸಾಲಿನ ತುದಿಯಲ್ಲಿರುವವನನ್ನೂ ತೀರ್ಪುಗಾರರ ಕಣ್ಣು ಬಿಡುವುದಿಲ್ಲ. ಇಬ್ಬರು ಮೂವರನ್ನು ಹೋಲಿಸಬೇಕಾದಾಗ ಅದೇ ಭಂಗಿಯನ್ನು ಮರಳಿ ಮರಳಿ ಕೇಳುತ್ತಾರೆ. ಭತ್ತದ ಚೀಲವನ್ನು ಲೀಲೆಯಿಂದ ಹೊರುವ ಯುವಕನ ತೊಡೆಯೂ ಆಗ ಗಡಗಡನೆ ನಡುಗುವುದುಂಟು. ಉಸಿರನ್ನು ಬಿಗಿಹಿಡಿದರಂತೂ ರಕ್ತದ ಒತ್ತಡವೇರಿ ತಲೆ ತಿರುಗುತ್ತದೆ. ಸಣ್ಣಗೆ ಉಸಿರಾಡುತ್ತಲೇ ಬಿಗಿಯನ್ನು ಕಾಯ್ದುಕೊಳ್ಳುವುದು ಒಂದೆರಡು ದಿನದಲ್ಲಿ ಬರತಕ್ಕದ್ದಲ್ಲ; ಎರಡು ಮೂರು ತಿಂಗಳು ಮೊದಲೇ ದಿನವೂ ಅಭ್ಯಾಸ ಮಾಡಬೇಕು. ಕನ್ನಡಿಯು ಮೊದಮೊದಲು ಸಹಾಯಕ. ವೇದಿಕೆಯ ಮೇಲೆ ಕನ್ನಡಿಯಿರುವುದಿಲ್ಲವಾದುದರಿಂದ ಬಳಿಕ ಅದಕ್ಕೆ ಬೆನ್ನು ತಿರುಗಿಸಿ, ತಮ್ಮನನ್ನೋ ಗೆಳೆಯನನ್ನೋ ಎದುರಿಗೆ ಕುಳ್ಳಿರಿಸಿಕೊಳ್ಳುವುದು ಮೇಲು. ತಮ್ಮಂದಿರು ಈ ವಿಷಯದಲ್ಲಿ ದಾಕ್ಷಿಣ್ಯ ತೋರುವುದಿಲ್ಲ.

ತುಂಡುಬಟ್ಟೆಯಲ್ಲಿ ಜನರೆದುರು ನಿಲ್ಲುವುದೇ ಎಂದು ಹಿರಿಯರು ಸಂಕೋಚಪಡುತ್ತಾರೆ. ಗರಡಿಯ ಲಂಗೋಟಿಯನ್ನು ಕಂಡ ಮನೆತನಗಳಿಗೆ ಇದು ದೊಡ್ಡ ಆಕ್ಷೇಪವಾಗಬಾರದು. ಅವರು ನಿಜವಾಗಿ ಎಚ್ಚರವಹಿಸಬೇಕಾದುದು ಬೇರೊಂದರಲ್ಲಿದೆ.

ಚರ್ಮ ತೆಳುವಾಗಿ ಸ್ನಾಯುಗಳು ಬಿಡಿಬಿಡಿಯಾಗಿ ಕಾಣಲೆಂದು ಸ್ಪರ್ಧೆಗೆ ಒಂದೆರಡು ದಿನ ಮುಂಚಿನಿಂದ ನೀರನ್ನೇ ಬಿಡುವ, ಮೂತ್ರ ಹೆಚ್ಚಿಸುವ ಗುಳಿಗೆಗಳನ್ನು ನುಂಗುವ ಪದ್ಧತಿಯೊಂದು ಹರಡಿದೆ. ಸ್ನಾಯುವಿನ ಮುಕ್ಕಾಲು ಪಾಲು ನೀರೇ. ಅದನ್ನು ಹಿಂಡಿದರೆ ತುಂಬಿದ ತೋಳೂ ಸೊರಗುತ್ತದೆ. ಇದಕ್ಕಿಂತ ಘೋರವಾದುದು, ದೇಹದ ಲವಣಗಳ ಸಮತೋಲ ಕೆಟ್ಟು ಹೃದಯದ ಬಡಿತವೇ ತಪ್ಪಬಹುದೆಂಬುದು. ಅಲ್ಜೀರಿಯದಲ್ಲಿ ಹುಟ್ಟಿದ ಮೊಹಮದ್ ಬೆನಾಜಿಜಾ ಎಂಬ ಖ್ಯಾತ ಸ್ಪರ್ಧಿಯು 1992ರಲ್ಲಿ ಹಾಲೆಂಡಿನ ಸ್ಪರ್ಧೆಯೊಂದು ಮುಗಿದೊಡನೆ ತೀರಿಕೊಂಡನು. ಇಂತಹ ಔಷಧಗಳೇ ಅದಕ್ಕೆ ಕಾರಣವೆಂದು ಹೇಳಲಾಯಿತು. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಯಾದಗಿರಿಯ ಸೆಕೆಯಲ್ಲಿ ನೀರು ಬಿಟ್ಟು ದೂರದ ಊರಿಗೆ ಬಸ್ಸಿನಲ್ಲಿ ಹೊರಡುವ ಹುಡುಗನ ಗತಿಯನ್ನು ವಾಚಕರೇ ಯೋಚಿಸಲಿ. ನಿಲುವನ್ನು ಚೆನ್ನಾಗಿ ಕಲಿತವನಿಗೆ ಮೊದಲನೆಯ ಸ್ಪರ್ಧೆಯಲ್ಲಿ ಈ ಸಾಹಸವು ಬೇಕಾಗಿಯೇ ಇಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಆದುದರಿಂದ ಮಗನು ಹೊರಡುವ ದಿನ ತಾಯಿಯು ಚೀಲದಲ್ಲಿ ಏನೇನಿದೆಯೆಂದು ಒಮ್ಮೆ ನೋಡುವುದು ಒಳ್ಳೆಯದು. ಮೈಗೆ ಹಚ್ಚುವ ಬಣ್ಣ, ಒಂದು ಹಳೆಯ ದುಪ್ಪಟಿ, ಹಸಿವಾದಾಗ ತಿನ್ನಲು ಎರಡು ಬಾಳೆಹಣ್ಣು ಇರಲಿ. ಹೆಸರು ತಿಳಿಯದ ಗುಳಿಗೆಯ ಪಟ್ಟಿ ಕಂಡರೆ ಅದನ್ನು ತೆಗೆದಿಟ್ಟು, ಆ ಜಾಗದಲ್ಲಿ ನೀರಿನ ತಂಬಿಗೆಯೊಂದನ್ನು ಇಡಲಿ.