ಘಟಪ್ರಭೆಯ ಕೊಳ್ಳದಲ್ಲಿ ಒಂದು ಹಗಲು

ಶಾಲೆಯ ಭೂಗೋಲ ಪುಸ್ತಕದಲ್ಲಿ ನಾರ್ವೆ ದೇಶದ ಚಿತ್ರವೊಂದು ಬರುವುದುಂಟು. ಎರಡೂ ಮಗ್ಗುಲಲ್ಲಿ ಕಡಿದಾದ ಬೆಟ್ಟ, ನಡುವೆ ಕನ್ನಡಿಯಂಥ ನೀರು, ಆ ನೀರಿನ ಮೇಲೆ ಇರುವೆಯಷ್ಟು ಚಿಕ್ಕದಾಗಿ ಕಾಣುವ ಒಂದು ಹಡಗು. ಆ ನಾಡಿನವರು ಅದಕ್ಕೆ ‘ಫ್ಯೋರ್ಡ್’ ಎನ್ನುತ್ತಾರೆ. ಈ ಮಾತಿಗೆ ಕನ್ನಡವೇನೆಂದು ಹುಡುಗರು ಕೇಳಿದರೆ ಪಾಠ ಹೇಳುವವನು ಕ್ಷಣಕಾಲ ತಡವರಿಸಲೇಬೇಕು. ವಸ್ತುವಿಲ್ಲದ ನಾಡಿನಲ್ಲಿ ಮಾತು ಹುಟ್ಟುವುದಾದರೂ ಹೇಗೆ? ಆದರೆ ಅದರ ನೆರೆಹೊರೆಯ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ: ಕಣಿವೆ, ಕಮರಿ, ಕೊರಕಲು, ಮಡು, ಕೊಳ್ಳ. ಗೋಕಾಕದ ಸಮೀಪದಲ್ಲಿಯೇ ಯೋಗಿಕೊಳ್ಳವೆಂಬ ಕ್ಷೇತ್ರವಿದೆ. ಹೆಸರಿದ್ದ ಮೇಲೆ ವಸ್ತುವೂ ಇರಲೇಬೇಕಷ್ಟೆ. ಅದನ್ನು ನೋಡಲು ನಾರ್ವೆಗೆ ಹೋಗಬೇಕಾಗಿಲ್ಲ. ಮನೆಯಿಂದ ಬುತ್ತಿ ಕಟ್ಟಿಕೊಂಡು ಒಂದು ಭಾನುವಾರ ಹೊರಟರೆ ಸಾಕು.

ಮೊದಲು ಫ್ಯೋರ್ಡ್ ಎಂದರೇನೆಂಬುದನ್ನು ತಿಳಿಯೋಣ. ಹಿಮಯುಗದಲ್ಲಿ ಉತ್ತರದ ನಾಡುಗಳ ಬೆಟ್ಟಗಳ ಮೇಲೆ ದಪ್ಪನೆಯ ಹಿಮದ ಹಾಸು ಇತ್ತು. ಆ ಹಿಮವು ನಿಂತಲ್ಲಿ ನಿಲ್ಲದೆ, ತನ್ನ ಭಾರದಿಂದ ತಾನೇ ಕಡಲಿನ ಕಡೆಗೆ ಮೆಲ್ಲನೆ ಜಾರುತ್ತಿತ್ತು. ತಳದಲ್ಲಿ ಸಿಕ್ಕಿಕೊಂಡ ಬಂಡೆಗಳೇ ಅದರ ಉಳಿಯಾದವು. ಹೀಗೆ ಕೊರೆದ ಕಣಿವೆಯ ತಳ ಅಗಲವಾಗಿ, ಗೋಡೆಗಳು ನೆಟ್ಟಗೆ, ದೋಣಿಯ ಒಡಲಿನಂತೆ ಇರುತ್ತವೆ. ಹಿಮ ಕರಗಿ ಹಿಂಜರಿದ ಮೇಲೆ ಕಡಲು ಒಳನುಗ್ಗಿ ಆ ತಾವನ್ನು ತುಂಬಿತು. ನಾರ್ವೆಯ ಸೋಗ್ನೆ ಫ್ಯೋರ್ಡ್ 200 ಕಿಲೋಮೀಟರಿಗೂ ಹೆಚ್ಚು ದೂರ ಒಳನಾಡಿಗೆ ಚಾಚಿದೆ. ಅದರ ಅತಿ ಆಳ 1,300 ಮೀಟರು. ಗೈರಾಂಗರ್ ಮತ್ತು ನೇರೊಯ್ ಎಂಬ ಇನ್ನೆರಡನ್ನು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ.

ನಮ್ಮ ಕಣಿವೆಯನ್ನು ಕೊರೆದದ್ದು ಹಿಮವಲ್ಲ, ಹರಿಯುವ ನೀರು. ತುಂಬಿದ್ದು ಕಡಲಲ್ಲ, ಮನುಷ್ಯ ಕಟ್ಟಿದ ಅಣೆಕಟ್ಟು. ಈ ಎರಡು ಭೇದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ದಾರಿಯಲ್ಲಿ ಕಾಣುವುದೆಲ್ಲ ಹೆಚ್ಚು ಅರ್ಥವತ್ತಾಗುವುದು.

ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ, ಸುಮಾರು 884 ಮೀಟರ್ ಎತ್ತರದಲ್ಲಿ. ಅರಬ್ಬೀ ಸಮುದ್ರ ಪಕ್ಕದಲ್ಲೇ ಇದ್ದರೂ ಈ ನದಿ ಅದಕ್ಕೆ ಬೆನ್ನು ತಿರುಗಿಸಿ, 283 ಕಿಲೋಮೀಟರ್ ಪೂರ್ವಕ್ಕೆ ನಡೆದು ಕೃಷ್ಣೆಯನ್ನು ಕೂಡುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರೂ ತಾಲೂಕುಗಳು ಅದರ ದಾರಿಯಲ್ಲಿವೆ. ನಾವೂ ನದಿ ನಡೆದ ಕ್ರಮದಲ್ಲಿಯೇ ನಡೆಯೋಣ. ನೇರವಾಗಿ ಜಲಪಾತಕ್ಕೆ ಹೋಗಿ, ನೋಡಿ, ಮರಳಿ ಬರುವವರು ಕಥೆಯ ನಡುವಿನ ಒಂದೇ ಅಧ್ಯಾಯವನ್ನು ಓದಿದಂತೆ.

ಮಳೆಗಾಲದ ಒಂದು ದಿನವನ್ನು ಆರಿಸಿಕೊಳ್ಳಿ. ಜುಲೈಯಿಂದ ಸೆಪ್ಟೆಂಬರಿನವರೆಗೆ ನದಿಗೆ ಜೀವವಿರುತ್ತದೆ. ಆದರೆ ಹೊರಡುವ ಮುನ್ನ ರೇಡಿಯೋದಲ್ಲಿ ಪ್ರದೇಶ ಸಮಾಚಾರವನ್ನೂ ಹವಾಮಾನ ವರದಿಯನ್ನೂ ತಪ್ಪದೆ ಕೇಳಿರಿ. ಘಟ್ಟದಲ್ಲಿ ಭಾರಿ ಮಳೆ, ಜಲಾಶಯದಿಂದ ನೀರು ಬಿಡುಗಡೆ ಎಂಬ ಸುದ್ದಿ ಬಂದರೆ ಪ್ರವಾಸವನ್ನು ಮುಂದಿನ ವಾರಕ್ಕೆ ಹಾಕಿರಿ. ನಿಮ್ಮ ಊರಿನಲ್ಲಿ ಬಿಸಿಲಿದೆಯೆಂಬುದು ನದಿಗೆ ಲೆಕ್ಕವಲ್ಲ.

ಮೊದಲ ನಿಲುಗಡೆ ಹುಕ್ಕೇರಿ ತಾಲೂಕಿನ ಹಿಡಕಲ್. ಹುಕ್ಕೇರಿ ಊರಿನಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ; ಸಮಯವಿದ್ದರೆ ಅವನ್ನು ನೋಡಿಕೊಂಡೇ ಮುಂದುವರಿಯಬಹುದು. ಹಿಡಕಲ್ ಅಣೆಕಟ್ಟಿನ ಮೇಲ್ಗಡೆ ಹಬ್ಬಿದ ನೀರಿಗೆ ರಾಜಾ ಲಖಮಗೌಡ ಜಲಾಶಯವೆಂದು ಹೆಸರು. ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 2,175 ಅಡಿ. ಹಿಡಿಯುವ ನೀರು 51 ಟಿ.ಎಂ.ಸಿ. ಈ ಅಳತೆಯನ್ನು ವಾರ್ತೆಯಲ್ಲಿ ದಿನವೂ ಕೇಳುತ್ತೇವೆ, ಅರ್ಥವನ್ನು ವಿಚಾರಿಸುವವರು ಕಡಮೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಐವತ್ತೊಂದೆಂದರೆ ಐದು ಸಾವಿರದ ನೂರು ಕೋಟಿ ಘನ ಅಡಿಯಾಯಿತು.

ಇಲ್ಲಿ ನಿಂತು ನೋಡಿದಾಗ ನಾರ್ವೆಯ ಆ ಚಿತ್ರ ನೆನಪಾಗದಿರದು. ನೀರು ಗುಡ್ಡಗಳ ಸಂದುಸಂದಿಗೆ ಕೈಬೆರಳಿನಂತೆ ಚಾಚಿಕೊಂಡಿದೆ. ಗುಡ್ಡದ ನೆರಳು ನೀರಿನಲ್ಲಿ ತಲೆಕೆಳಗಾಗಿದೆ. ಆದರೆ ಇದು ಮುಳುಗಿದ ಹೊಳೆಯ ಕಣಿವೆ. ಹಿಮ ಕೊರೆದ ಕಣಿವೆಯ ಗೋಡೆಯಂಥ ದಡ ಇದಕ್ಕಿಲ್ಲ. ಹೊಲದ ಏರಿಳಿತವೇ ಇದರ ದಡ. ಬೇಸಿಗೆಯಲ್ಲಿ ನೀರು ಇಳಿದರೆ ದಡ ಫರ್ಲಾಂಗುಗಟ್ಟಲೆ ಹಿಂದೆ ಸರಿಯುತ್ತದೆ.

ಅನುಮತಿ ಪಡೆದ ದೋಣಿಯನ್ನು ಏರುವ ಸಂದರ್ಭ ಒದಗಿದರೆ ಮಕ್ಕಳಿಗೂ ದೊಡ್ಡವರಿಗೂ ಜೀವರಕ್ಷಕ ಅಂಗಿ ಇಲ್ಲದೆ ಏರಬೇಡಿರಿ. ಗಾಳಿ ಎದ್ದ ದಿನ ಆಸೆಯನ್ನೇ ಬಿಡಿರಿ. ದೋಣಿ ನಡುನೀರಿಗೆ ಬಂದಾಗ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳಿರಿ. ನಾರ್ವೆಯ ದೋಣಿಯ ಕೆಳಗೆ ಇರುವುದು ಬಂಡೆ. ಇಲ್ಲಿಯ ದೋಣಿಯ ಕೆಳಗೆ ಇರುವುದು ಊರು. ಹೊಲ, ಬಾವಿ, ಹಿತ್ತಿಲು, ದೇವರ ಕಟ್ಟೆ ಎಲ್ಲ ಈ ನೀರಿನ ತಳದಲ್ಲಿವೆ. ಹುನ್ನೂರಿನ ವಿಠ್ಠಲ ದೇವಾಲಯವು ವರ್ಷದ ಹೆಚ್ಚಿನ ಕಾಲ ನೀರಿನಲ್ಲಿದ್ದು, ಜಲಾಶಯ ತಳಕ್ಕಿಳಿದಾಗ ಹೊರಗೆ ಕಾಣಿಸಿಕೊಳ್ಳುತ್ತದೆ. ಆಗ ಜನ ಗುಂಪುಗೂಡಿ ದರ್ಶನಕ್ಕೆ ಬರುತ್ತಾರೆ. ಉಳಿದವರಿಗೆ ಅದೊಂದು ಕೌತುಕ. ಮನೆಮಾರು ಬಿಟ್ಟು ಎದ್ದವರಿಗೆ ಮಾತ್ರ ಅದು ತವರಿನ ಬಾಗಿಲನ್ನು ಅರ್ಧಗಳಿಗೆ ತೆರೆದು ತೋರಿಸಿ ಮುಚ್ಚಿದಂತೆ.

ಹಿಡಕಲ್ಲಿನಿಂದ ನದಿಯ ಜೊತೆಗೆ ಕೆಳಗಿಳಿದು ಗೋಕಾಕ ತಾಲೂಕಿಗೆ ಬಂದರೆ ಎರಡನೆಯ ನಿಲುಗಡೆ ಧೂಪದಾಳ. ಇಲ್ಲಿಯ ಒಡ್ಡು ಹಿಡಕಲ್ಲಿನದಕ್ಕಿಂತ ಬಹಳ ಹಳೆಯದು, 1897ರದು. ಇದು ನೀರನ್ನು ಕೂಡಿಡುವುದಕ್ಕಿಂತ ಹೆಚ್ಚಾಗಿ ಅದರ ಮುಖವನ್ನು ತಿರುಗಿಸುತ್ತದೆ. ನದಿಯ ಮಟ್ಟವನ್ನು ತುಸು ಏರಿಸಿದರೆ ಪಕ್ಕದ ಕಾಲುವೆಗೆ ನೀರು ತಾನಾಗಿಯೇ ಹರಿಯುತ್ತದೆ. ಎಡದಂಡೆಯ ಈ ಕಾಲುವೆ ಮೊದಲು 71 ಕಿಲೋಮೀಟರ್ ಉದ್ದವಿತ್ತು; ಹಿಡಕಲ್ ಜಲಾಶಯವಾದ ಮೇಲೆ ಅದನ್ನು 109 ಕಿಲೋಮೀಟರಿಗೆ ಬೆಳೆಸಿದರು. ಒಡ್ಡಿನ ಹಿಂದಿನ ತೆಳುನೀರು ಹಕ್ಕಿಗಳಿಗೆ ಮೆಚ್ಚಾಗಿ, 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವೆನಿಸಿತು. ಚಳಿಗಾಲದಲ್ಲಿ ಬಂದವರಿಗೆ ದೂರದೇಶದಿಂದ ಹಾರಿಬಂದ ಬಿಳಿ ಕೊಕ್ಕರೆ, ಕ್ರೌಂಚಗಳು ಕಾಣಸಿಗುತ್ತವೆ. ಜಲಪಾತದ ಕಾಲ ಬೇರೆ, ಹಕ್ಕಿಗಳ ಕಾಲ ಬೇರೆ. ಎರಡಕ್ಕೂ ಒಂದೇ ಸಲ ಆಸೆಪಡಬಾರದು.

ಬಾಡಿಗೆ ಮೋಟಾರಿನವನು ‘ಇಲ್ಲಿ ನೋಡುವುದೇನಿದೆ?’ ಎಂದು ಅವಸರಪಡಿಸಿದರೂ ಇಲ್ಲಿ ಹತ್ತು ನಿಮಿಷ ನಿಲ್ಲಿರಿ. ಏಕೆಂದರೆ ಮುಂದೆ ನೀವು ನೋಡಲಿರುವ ಜಲಪಾತದ ಗಾತ್ರ ನಿಶ್ಚಯವಾಗುವುದು ಹಿಡಕಲ್ ಮತ್ತು ಧೂಪದಾಳಗಳಲ್ಲಿ. ಕಾಲುವೆಗೆ ಹೋದ ನೀರು ಬಂಡೆಯ ಮೇಲಿಂದ ಧುಮುಕಲಾರದು. ಬೇಸಿಗೆಯಲ್ಲಿ ಬಂದು ಬರಿಯ ಬಂಡೆಯನ್ನು ಕಂಡು ‘ಇದೇನು ಜಲಪಾತ?’ ಎಂದು ಮುಖ ಸಿಂಡರಿಸುವವರು, ಆ ನೀರು ಯಾರದೋ ಹೊಲದಲ್ಲಿ ಪೈರಾಗಿ ನಿಂತಿದೆಯೆಂಬುದನ್ನು ಮರೆಯುತ್ತಾರೆ.

ಧೂಪದಾಳದಿಂದ ಕೊಣ್ಣೂರಿನ ಮೇಲೆ ಹಾಯ್ದರೆ ಗೋಕಾಕ ಜಲಪಾತ. ಕೊಣ್ಣೂರಿನ ಸುತ್ತ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಜನ ಅವನ್ನು ಪಾಂಡವರ ಮನೆಗಳೆನ್ನುತ್ತಾರೆ. ನಾಲ್ಕು ಕಡೆಗೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹಾಸುಗಲ್ಲು ಹೊದಿಸಿದ ಈ ಕೋಣೆಗಳನ್ನು ನೋಡಿದವರಿಗೆ, ಈ ಸೀಮೆಯ ಕಲ್ಲು ಹಾಳೆಹಾಳೆಯಾಗಿ ಏಳುವ ಗುಣವುಳ್ಳದ್ದೆಂದು ಹೊಳೆಯುತ್ತದೆ. ಜಲಪಾತದ ಗುಟ್ಟೂ ಅಲ್ಲಿಯೇ ಇದೆ.

ಪಡುವಣದಲ್ಲಿರುವುದು ಲಾವಾರಸ ಹೆಪ್ಪುಗಟ್ಟಿದ ಕರಿಕಲ್ಲು; ಅದಕ್ಕೆ ಸುಮಾರು ಆರೂವರೆ ಕೋಟಿ ವರ್ಷ ವಯಸ್ಸು. ಗೋಕಾಕದಲ್ಲಿ ಹೊರಗೆ ತಲೆಯೆತ್ತಿರುವುದು ಕಲಾದಗಿಯ ಹೆಸರಿನಿಂದ ಪ್ರಸಿದ್ಧವಾದ ಮರಳುಗಲ್ಲು, ಬೆಣಚುಗಲ್ಲುಗಳ ಸ್ತೋಮ. ಅದು ಐವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಈ ಗಟ್ಟಿ ಪದರವನ್ನು ನೀರು ಸುಲಭವಾಗಿ ಸವೆಸಲಾರದು. ಆದರೆ ಧುಮುಕಿದ ನೀರು ಬಂಡೆಯ ಬುಡವನ್ನು ಗುದ್ದುತ್ತ, ಸೀಳುಗಳಲ್ಲಿ ಹೊಕ್ಕು ಕಲ್ಲನ್ನು ಸಡಿಲಿಸುತ್ತದೆ. ಬುಡ ಟೊಳ್ಳಾದಾಗ ತಲೆಯ ಬಂಡೆ ಕಳಚಿ ಬೀಳುತ್ತದೆ. ಹೀಗೆ ಜಲಪಾತವು ತಲೆತಲಾಂತರವಾಗಿ ಮೂಲದ ಕಡೆಗೆ ಹಿಂದೆ ಸರಿಯುತ್ತ, ತಾನು ನಿಂತು ಬಂದ ದಾರಿಯನ್ನು ಕೊಳ್ಳವಾಗಿ ಬಿಟ್ಟು ಬರುತ್ತದೆ. ಅಂದರೆ ಕೊಳ್ಳವೆಂಬುದು ಜಲಪಾತದ ಹೆಜ್ಜೆಯ ಗುರುತು.

ಕುದುರೆಲಾಳದಾಕಾರದ ಈ ಬಂಡೆಯ ಎತ್ತರ ಸುಮಾರು 52 ಮೀಟರು, ಎಂದರೆ 170 ಅಡಿ. ಅಗಲ ಸುಮಾರು 177 ಮೀಟರು. ಎತ್ತರದಲ್ಲಿ ಹೆಸರುವಾಸಿಯಾದ ನಯಾಗರಕ್ಕೆ ಹೆಚ್ಚು ಕಡಮೆ ಸಾಟಿ; ನೀರಿನ ರಾಶಿಯಲ್ಲಿ ಮಾತ್ರ ಹೋಲಿಕೆ ಸಲ್ಲದು. ಅಂಚಿನಿಂದ ಜಾರಿದ ಹನಿ ತಳ ಮುಟ್ಟಲು ಮೂರು ಸೆಕೆಂಡಿಗೆ ತುಸು ಮಿಕ್ಕಿದ ಹೊತ್ತು ಸಾಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಮಡುವನ್ನು ಮುಟ್ಟುವಾಗ ಅದರ ವೇಗ ಗಂಟೆಗೆ 115 ಕಿಲೋಮೀಟರು. ಹೊಸ ನೀರಿನಲ್ಲಿ ಮಣ್ಣು ಬೆರೆತು ಜಲಪಾತವು ಕೆಂಪಾಗಿ ಕಾಣುತ್ತದೆ. ದಡದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ.

ಈ ಬೀಳುವ ನೀರಿನ ಬಲವನ್ನು ಮೊದಲು ಕಂಡುಕೊಂಡವರು ಗಿರಣಿಯವರು. 1885ರಲ್ಲಿ ಗೋಕಾಕದ ಜಲಶಕ್ತಿಯ ಹೆಸರಿನಲ್ಲಿಯೇ ಒಂದು ಕಂಪನಿ ಸ್ಥಾಪಿತವಾಯಿತು. 1887ರಲ್ಲಿ ನೀರಿನ ಬಲದಿಂದ ನೂಲುವ ಗಿರಣಿ ನಡೆಯಿತು. ಸೆಕೆಂಡಿಗೆ ಒಂದು ಘನಮೀಟರ್ ನೀರು 52 ಮೀಟರ್ ಕೆಳಗಿಳಿದರೆ, ನಷ್ಟವನ್ನು ಕಳೆಯದೆ, ಸುಮಾರು 500 ಕಿಲೋವಾಟ್ ಬಲ ಹುಟ್ಟುತ್ತದೆ. ಕಲ್ಲಿದ್ದಲಿನ ಗಣಿ ಇಲ್ಲದ ಸೀಮೆಗೆ ಇದು ಸಾಮಾನ್ಯವಾದ ಭಾಗ್ಯವಲ್ಲ. ನದಿಗೆ ಅಡ್ಡಲಾಗಿ ಸುಮಾರು 201 ಮೀಟರ್ ಉದ್ದದ ತೂಗುಸೇತುವೆಯೂ ಉಂಟು; ಕೆಳಗಿನ ಬಂಡೆಹಾಸಿನಿಂದ ಅದರ ಎತ್ತರ 14 ಮೀಟರು. ಅದರ ಮೇಲೆ ಹೋಗಬಾರದೆಂದು ಕಾವಲಿನವರು ತಡೆದ ದಿನ ವಾದಿಸದೆ ದಡದಿಂದಲೇ ನೋಡಿರಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಂಡೆಯ ಅಂಚಿಗೆ ಹೋಗಿ ಚಿತ್ರ ತೆಗೆಸಿಕೊಳ್ಳುವ ಚಪಲ ಬೇಡ. ಪಾಚಿಗಟ್ಟಿದ ಬೆಣಚುಗಲ್ಲು ಎಣ್ಣೆ ಸವರಿದ ಗಾಜಿನಂತಿರುತ್ತದೆ. ಅಲ್ಲಿ ಕಾಲು ಜಾರಿ ಪ್ರಾಣ ಕಳೆದುಕೊಂಡವರುಂಟು. ಮೇಲಿನ ಅಣೆಕಟ್ಟಿನಲ್ಲಿ ಬಾಗಿಲೆತ್ತಿದರೆ ಒಣಗಿದ ಬಂಡೆಯ ಮೇಲೂ ನೀರು ಏರಿ ಬರುತ್ತದೆ. ನೀವು ಸೆರಗಿನ ತುದಿಯಲ್ಲಿ ಮಗುವನ್ನು ಹಿಡಿದುಕೊಂಡರೆ ಸಾಲದು, ಕೈಯನ್ನೇ ಹಿಡಿಯಿರಿ.

ಜಲಪಾತದಿಂದ ಆರು ಕಿಲೋಮೀಟರಿನಲ್ಲಿ ಗೋಕಾಕ ಊರು. ಕರದಂಟಿನ ಅಂಗಡಿಯನ್ನು ತೋರಿಸಲು ನನ್ನಂಥವನ ಲೇಖನ ಬೇಕಾಗಿಲ್ಲ. ಮಕ್ಕಳು ತಾವೇ ಹುಡುಕುತ್ತಾರೆ. ಊರಿನ ಹೊರಗೆ ಲೋಳಸೂರಿನ ಸೇತುವೆ ಸಿಗುತ್ತದೆ. ಅಲ್ಲಿ ನಿಂತು 2019ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಘಟ್ಟದಲ್ಲಿ ಬಿಡದೆ ಮಳೆ ಸುರಿದು, ತುಂಬಿದ ಜಲಾಶಯದಿಂದ ನೀರು ಬಿಡಬೇಕಾಯಿತು. ಅದಕ್ಕೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಕೂಡಿತು. ಸೇತುವೆ ಮುಳುಗಿತು; ಗೋಕಾಕದ ಓಣಿಗಳಲ್ಲಿ ನೀರು ಹೊಕ್ಕು ಸಾವಿರಾರು ಜನ ಮನೆ ಬಿಟ್ಟು ಏಳಬೇಕಾಯಿತು. ಆ ದಿನಗಳಲ್ಲಿ ದೋಣಿಗಳು ಓಡಾಡಿದ್ದು ವಿಹಾರಕ್ಕಲ್ಲ.

ಸೇತುವೆ ದಾಟಿ ಮೂಡಲಗಿಯ ದಾರಿ ಹಿಡಿದರೆ ನೋಟವೇ ಬೇರೆ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದ ಮೂಡಲಗಿ ಈಗ ತಾನೇ ಒಂದು ತಾಲೂಕು. ಇಲ್ಲಿ ಕೊಳ್ಳವಿಲ್ಲ, ಬಂಡೆಯಿಲ್ಲ. ಕಣ್ಣು ಹರಿದಷ್ಟು ದೂರ ಕಬ್ಬು, ಗೋವಿನಜೋಳ. ಪ್ರವಾಸಕ್ಕೆ ಬಂದವರು ಇಲ್ಲಿ ಮೋಟಾರು ನಿಲ್ಲಿಸುವುದೇ ಅಪರೂಪ. ನೀವು ನಿಲ್ಲಿಸಿರಿ. ರಸ್ತೆಯ ಪಕ್ಕದ ಹೊಲಗಾಲುವೆಯಲ್ಲಿ ಸದ್ದಿಲ್ಲದೆ ಹರಿಯುವ ನೀರಿಗೆ ಕೈಯೊಡ್ಡಿ ನೋಡಿರಿ. ಬೆಳಿಗ್ಗೆ ಹಿಡಕಲ್ಲಿನಲ್ಲಿ ನಿಂತಿದ್ದ ನೀರಿನ ಬಳಗವೇ ಇದು. ಒಂದು ಪಾಲು ಬಂಡೆಯಿಂದ ಧುಮುಕಿ ನಿಮ್ಮ ಕಣ್ಣು ತಣಿಸಿತು. ಇನ್ನೊಂದು ಪಾಲು ಧೂಪದಾಳದಲ್ಲಿ ಮುಖ ತಿರುಗಿಸಿ ಇಲ್ಲಿಗೆ ಬಂದು ಬೆಳೆಯಾಯಿತು.

ನಾರ್ವೆಯ ಫ್ಯೋರ್ಡನ್ನು ನೋಡಿದವರು ಪ್ರಕೃತಿಗೆ ಮಾತ್ರ ಕೈಮುಗಿದು ಬರಬಹುದು. ಅಲ್ಲಿ ಹಿಮವೂ ಕಡಲೂ ಯಾರನ್ನೂ ಕೇಳದೆ ತಮ್ಮ ಕೆಲಸ ಮುಗಿಸಿವೆ. ಘಟಪ್ರಭೆಯ ಕೊಳ್ಳವನ್ನು ನೋಡಿದವರಿಗೆ ಅಷ್ಟರಲ್ಲಿ ಋಣ ತೀರದು. ಹುಕ್ಕೇರಿಯ ಸೀಮೆಯಲ್ಲಿ ಊರು ಬಿಟ್ಟುಕೊಟ್ಟವರಿದ್ದಾರೆ, ಗೋಕಾಕದಲ್ಲಿ ನೆರೆಯ ಭಯವನ್ನು ಹೊತ್ತವರಿದ್ದಾರೆ, ಮೂಡಲಗಿಯಲ್ಲಿ ಆ ನೀರನ್ನು ಅನ್ನ ಮಾಡಿದವರಿದ್ದಾರೆ. ಮುಂದೆ ವಾರ್ತೆಯಲ್ಲಿ ‘ಹಿಡಕಲ್ ಜಲಾಶಯದ ಇಂದಿನ ಮಟ್ಟ’ ಎಂಬ ಮಾತು ಕಿವಿಗೆ ಬಿದ್ದಾಗ, ಅದನ್ನು ಬರಿಯ ಅಂಕಿಯೆಂದು ದಾಟಿಸದೆ ಒಂದು ನಿಮಿಷ ಗಮನವಿಟ್ಟು ಕೇಳಿರಿ. ಈ ಒಂದು ಹಗಲಿನ ತಿರುಗಾಟ ಸಾರ್ಥಕವಾಯಿತೆಂದು ತಿಳಿಯಲು ಅಷ್ಟು ಸಾಕು.