ಏಪ್ರಿಲ್ ಕೊನೆಯ ವಾರ, ಡೆಟ್ರಾಯಿಟ್ ನದಿ

ಈರಿ ಸರೋವರದ ವಾಲ್‌ಐ ಮೀನುಗಳು ಮೊಟ್ಟೆಯಿಡಲು ಡೆಟ್ರಾಯಿಟ್ ನದಿಗೆ ಹತ್ತಿ ಬರುವುದು ಮಾರ್ಚ್ ಕೊನೆಯಿಂದ. ಏಪ್ರಿಲ್ ಮುಗಿಯುವಷ್ಟರಲ್ಲಿ ದೊಡ್ಡ ಹೆಣ್ಣುಗಳು ಮೊಟ್ಟೆ ಬಿಟ್ಟು ಸರೋವರಕ್ಕೆ ಮರಳುತ್ತಿರುತ್ತವೆ. ಗಂಡುಗಳು ಇನ್ನೂ ಕೆಲವು ದಿನ ನದಿಯಲ್ಲೇ ಸುಳಿದಾಡುತ್ತವೆ. ಬೆಲ್ ಐಲ್ ದ್ವೀಪದ ಜೊಂಡುಹುಲ್ಲಿನ ತುದಿಯಲ್ಲಿ ಕೆಂಪುಭುಜದ ಕಪ್ಪುಹಕ್ಕಿಯ ಗಂಡು ಕೂತು ತನ್ನ ಗಡಿ ಸಾರುತ್ತದೆ. ಮೇಪಲ್ ಮರಗಳ ಹೂವು ಉದುರಿದೆ, ಎಲೆ ಇನ್ನೂ ಪೂರ್ತಿ ಬಿಚ್ಚಿಲ್ಲ. ನದಿಯಾಚೆ ದಕ್ಷಿಣಕ್ಕೆ ಕಾಣುವುದು ಕೆನಡಾದ ವಿಂಡ್ಸರ್. ನೀರಿಗಿಳಿದರೆ ಕೈ ಮರಗಟ್ಟುವ ಚಳಿ. ಆದರೂ ಕಟಕಟೆಗೆ ಗಾಳದ ಕೋಲು ಒರಗಿಸಿ ನಿಂತವರ ಸಾಲು ಕರಗುವುದಿಲ್ಲ.

ನಾನು ಈ ದಂಡೆಗೆ ಬರುವುದು ಹಕ್ಕಿ ಮತ್ತು ಮೀನಿಗಾಗಿ. ಗಾಳದವರ ಮಾತು ಕಿವಿಗೆ ಬಿದ್ದದ್ದು ತಾನಾಗಿಯೇ. ವರ್ಷದ ಈ ವಾರದಲ್ಲಿ ಅವರು ಮೀನಿನ ಬಗ್ಗೆ ಕಡಿಮೆ ಮಾತಾಡುತ್ತಾರೆ. ಮಾತೆಲ್ಲ ಡ್ರಾಫ್ಟ್‌ನದು, ಡೆಟ್ರಾಯಿಟ್ ಲಯನ್ಸ್ ತಂಡದ್ದು.

ಡ್ರಾಫ್ಟ್ ಎಂದರೆ ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗಿನ 32 ತಂಡಗಳು ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಮೂರು ದಿನ. ಏಳು ಸುತ್ತು. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ತಂಡಕ್ಕೆ ಕೊನೆಯದು. ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಅದನ್ನು ಸೂಚಿಸಿದವರು ಅದೇ ಊರಿನ ಈಗಲ್ಸ್ ತಂಡದ ಬರ್ಟ್ ಬೆಲ್. ಐಪಿಎಲ್ ಹರಾಜು ನೋಡಿ ರೂಢಿಯಾದವರು ಇಲ್ಲಿ ಹಣದ ಕೂಗಾಟ ಹುಡುಕಬಾರದು. ಹಸಿದವನಿಗೆ ಮೊದಲು ಬಡಿಸುವ ಪಂಕ್ತಿ ಇದು. ಬೇಕೆಂದರೆ ಒಂದು ತಂಡ ತನ್ನ ಸರದಿಯನ್ನು ಇನ್ನೊಂದಕ್ಕೆ ಕೊಟ್ಟು ಬೇರೆ ಸರದಿಗಳನ್ನು ಪಡೆಯಬಹುದು; ಮುಂದಿನ ವರ್ಷಗಳ ಸರದಿಯನ್ನೂ ಈಗಲೇ ಕೊಡಬಹುದು. ಜಾಣತನ ಇರುವುದು ಅಲ್ಲಿ.

ದಂಡೆಯ ಮೇಲಿನ ಮಾತನ್ನು ನಾನು ಹಕ್ಕಿಯ ಟಿಪ್ಪಣಿಯ ಪಕ್ಕದಲ್ಲೇ ಬರೆದುಕೊಳ್ಳತೊಡಗಿದೆ, ಏಕೆಂದರೆ ಈ ಜನ ನೋಡುವ ರೀತಿ ನನಗೆ ಪರಿಚಿತವಾಗಿತ್ತು. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಕಾಲೇಜು ಆಟಗಾರರ ಅಳತೆ ನಡೆಯುತ್ತದೆ: ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲ, ನಲವತ್ತು ಗಜದ ಓಟ, ನಿಂತಲ್ಲಿಂದ ಮೇಲಕ್ಕೆ ಜಿಗಿತ. ಈ ಅಂಕಿಗಳು ದಂಡೆಯ ಮೇಲೆ ಎಲ್ಲರ ಬಾಯಲ್ಲೂ ಇವೆ. ಆದರೆ ಅನುಭವಿಗಳು ಅಲ್ಲಿಗೆ ನಿಲ್ಲುವುದಿಲ್ಲ. "ತೋಳು ಉದ್ದ ಇರಬಹುದು, ನಾಲ್ಕನೇ ಕ್ವಾರ್ಟರ್‌ನಲ್ಲಿ ಕಾಲು ಹೇಗೆ ಇಡ್ತಾನೆ ನೋಡಿದ್ದೀಯಾ?" ಎಂದು ಒಬ್ಬರು ಪಕ್ಕದ ಹುಡುಗನನ್ನು ಕೇಳಿದರು. ಕಾರು ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು; ಮೊಮ್ಮಗನನ್ನು ಕರೆತಂದಿದ್ದರು. ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಹಕ್ಕಿಯ ರೆಕ್ಕೆ ಅಳೆಯುವವರಿಗೂ ಜೌಗಿನಲ್ಲಿ ಕೂತು ಅದೇ ಹಕ್ಕಿ ಹೇಗೆ ಬದುಕುತ್ತದೆಂದು ನೋಡುವವರಿಗೂ ಇರುವ ಅಂತರ ಅವರಿಗೆ ಗೊತ್ತಿತ್ತು. ಎರಡೂ ಬೇಕು, ಎರಡನೆಯದಕ್ಕೆ ತಾಳ್ಮೆ ಹೆಚ್ಚು ಬೇಕು.

ತಾಳ್ಮೆಯ ವಿಷಯದಲ್ಲಿ ಈ ಊರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಲಯನ್ಸ್ ಕೊನೆಯ ಬಾರಿ ಲೀಗ್ ಚಾಂಪಿಯನ್ ಆದದ್ದು 1957ರಲ್ಲಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 59-14ರಿಂದ ಸೋಲಿಸಿ. ಸೂಪರ್ ಬೌಲ್ ಎಂಬುದು ಹುಟ್ಟುವ ಮೊದಲಿನ ಮಾತು ಅದು. ಆಗ ಆ ಹಿರಿಯರು ಚಿಕ್ಕ ಹುಡುಗ, ರೇಡಿಯೊದಲ್ಲಿ ಕೇಳಿದ್ದರಂತೆ. 1992ರ ಜನವರಿಯಲ್ಲಿ ಡಲ್ಲಾಸ್ ಮೇಲೆ ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಯ ನಾಕೌಟ್ ಹಂತದಲ್ಲಿ, ಒಂದು ಗೆಲುವು ಬಂತು. ಆಮೇಲೆ ಬರ. 2003, 2004, 2005, ಈ ಮೂರೂ ವರ್ಷ ಮೊದಲ ಸುತ್ತಿನಲ್ಲಿ ಒಬ್ಬೊಬ್ಬ ರಿಸೀವರನ್ನೇ ಆರಿಸಿದ ಆಡಳಿತವನ್ನು ಇವರು ಇನ್ನೂ ಕ್ಷಮಿಸಿಲ್ಲ. ಎಸೆದ ಚೆಂಡು ಹಿಡಿಯುವವರನ್ನು ತಂದರು, ಚೆಂಡು ಎಸೆಯುವವನನ್ನು ಕಾಯಲು ಯಾರನ್ನೂ ತರಲಿಲ್ಲ ಎಂಬುದು ದೂರು. 2005ರ ಡಿಸೆಂಬರಿನಲ್ಲಿ ಜನ ತಮ್ಮ ತಂಡದ ನೀಲಿ ಬಣ್ಣ ಬಿಟ್ಟು ಎದುರಾಳಿಯ ಕಿತ್ತಳೆ ಬಣ್ಣ ತೊಟ್ಟು ಕ್ರೀಡಾಂಗಣಕ್ಕೆ ಬಂದರು. 2008ರಲ್ಲಿ ತಂಡ ಹದಿನಾರು ಪಂದ್ಯ ಆಡಿ ಹದಿನಾರನ್ನೂ ಸೋತಿತು. ಲೀಗಿನ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು.

ಇದೇ ನದಿಯಲ್ಲಿ, ಇವರ ಗಾಳಗಳ ಕೆಳಗೆ, ತಂಡ ಕಟ್ಟುವುದನ್ನು ಹೋಲುವ ಇನ್ನೊಂದು ಕಟ್ಟುವ ಕೆಲಸ ನಡೆದಿದೆ. ವಾಲ್‌ಐ ಇಳಿದುಹೋದ ಮೇಲೆ, ಮೇ ತಿಂಗಳಲ್ಲಿ ನೀರು ತುಸು ಬೆಚ್ಚಗಾದಾಗ, ಸ್ಟರ್ಜನ್ ಮೊಟ್ಟೆಯಿಡುತ್ತದೆ. ಡೈನೋಸಾರ್‌ಗಳ ಕಾಲದಿಂದ ಉಳಿದುಬಂದ ಕುಲ ಇದು: ಮೈಮೇಲೆ ಮಾಮೂಲಿ ಹುರುಪೆಯ ಬದಲು ಎಲುಬಿನ ಫಲಕಗಳ ಸಾಲು, ಮೂತಿಯ ಕೆಳಗೆ ನಾಲ್ಕು ಮೀಸೆ, ಆಳೆತ್ತರಕ್ಕೂ ಮೀರಿ ಬೆಳೆಯುವ ದೇಹ. ಹೆಣ್ಣು ನೂರು ವರ್ಷ ದಾಟಿ ಬದುಕಬಲ್ಲದು, ಆದರೆ ಮೊದಲ ಸಲ ಮೊಟ್ಟೆಯಿಡಲು ಇಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಆಮೇಲೂ ಪ್ರತಿವರ್ಷ ಇಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಸ್ತರ ಬಲೆ ಹರಿಯುವ ಪೀಡೆ ಎಂದು ಇದನ್ನು ಕೊಂದು ಬಿಸಾಡಿದರು. ಮೊಟ್ಟೆಗೆ ಬೆಲೆ ಬಂದಾಗ ಇನ್ನಷ್ಟು ಕೊಂದರು. ದೊಡ್ಡ ಹಡಗುಗಳಿಗೆ ದಾರಿ ಮಾಡಲು ನದಿತಳದ ಸುಣ್ಣಕಲ್ಲನ್ನು ಸಿಡಿಸಿ ತೆಗೆದಾಗ ಮೊಟ್ಟೆಯಿಡುವ ಜಾಗವೇ ಹೋಯಿತು. 1948ರ ಚಳಿಗಾಲದಲ್ಲಿ ನದಿಗೆ ಬಿಟ್ಟ ಎಣ್ಣೆಗೆ ಸಿಕ್ಕಿ ಸಾವಿರಾರು ಬಾತುಗಳು ಸತ್ತವು.

ಕಾನೂನು ಬಂತು, ಕೊಳಕು ಕಡಿಮೆಯಾಯಿತು. 2004ರಲ್ಲಿ ಬೆಲ್ ಐಲ್ ಬಳಿ, 2008ರಲ್ಲಿ ಕೆನಡಾ ಪಾಲಿನ ಫೈಟಿಂಗ್ ಐಲೆಂಡ್ ಬಳಿ ವಿಜ್ಞಾನಿಗಳು ನದಿತಳಕ್ಕೆ ಕಲ್ಲು ಹಾಸಿದರು. ಕಬ್ಬಿಣದ ಚೌಕಟ್ಟಿಗೆ ನಾರಿನ ಹಾಳೆ ಸುತ್ತಿ ಆಳಕ್ಕೆ ಇಳಿಬಿಡುವುದು, ಕೆಲವು ದಿನ ಬಿಟ್ಟು ಎಳೆದು ಅಂಟಿದ ಮೊಟ್ಟೆಗಳನ್ನು ಒಂದೊಂದಾಗಿ ನೋಡುವುದು ಅವರ ಕೆಲಸ. 2009ರಲ್ಲಿ ಫೈಟಿಂಗ್ ಐಲೆಂಡಿನ ಹಾಸಿನಲ್ಲಿ ಸ್ಟರ್ಜನ್ ಮೊಟ್ಟೆ ಸಿಕ್ಕಿತು. ಕಲ್ಲು ಹಾಸಿದವರಲ್ಲಿ ಹಲವರು ಆ ಮೊಟ್ಟೆಯಿಂದ ಬಂದ ಹೆಣ್ಣುಗಳು ತಾಯಾಗುವುದನ್ನು ಕೆಲಸದಲ್ಲಿರುವಾಗ ನೋಡಲಾರರು. ಅದು ಗೊತ್ತಿದ್ದೇ ಹಾಸಿದರು.

ತಂಡ ಕಟ್ಟುವ ಕೆಲಸವನ್ನು ನಾನು ಅರ್ಥ ಮಾಡಿಕೊಂಡದ್ದು ಈ ಕಲ್ಲಿನ ಹಾಸಿನ ಮೂಲಕ. 2021ರ ಜನವರಿಯಲ್ಲಿ ಲಯನ್ಸ್‌ಗೆ ಬ್ರಾಡ್ ಹೋಮ್ಸ್ ಜನರಲ್ ಮ್ಯಾನೇಜರ್ ಆಗಿ, ಡ್ಯಾನ್ ಕ್ಯಾಂಪ್‌ಬೆಲ್ ಕೋಚ್ ಆಗಿ ಬಂದರು. ಹನ್ನೆರಡು ಋತು ಆಡಿದ್ದ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು ಜೇರೆಡ್ ಗಾಫ್‌ರನ್ನೂ, ಜೊತೆಗೆ 2021ರ ಮೂರನೇ ಸುತ್ತಿನ, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನೂ ಪಡೆದರು. ದಂಡೆಯ ಮೇಲಿನ ಜನ ಈ ಒಂದು ವಿನಿಮಯದ ವಂಶಾವಳಿಯನ್ನು ಬಾಯಿಪಾಠ ಹೇಳುತ್ತಾರೆ. 2022ರ ಸರದಿ ಮಿನೆಸೋಟಾದ ಜೊತೆಗಿನ ವಿನಿಮಯದಲ್ಲಿ ಸೇರಿ ಜೇಮ್ಸನ್ ವಿಲಿಯಮ್ಸ್ ಆಯಿತು. 2023ರಲ್ಲಿ ಬಂದ ಆರನೇ ಸರದಿಯನ್ನು ಆರಿಜೋನಾಕ್ಕೆ ಕೊಟ್ಟು ಹನ್ನೆರಡನೆಯ ಮತ್ತು ಮೂವತ್ತನಾಲ್ಕನೆಯ ಸರದಿ ಪಡೆದರು. ಅವು ಜಮೀರ್ ಗಿಬ್ಸ್ ಮತ್ತು ಸ್ಯಾಮ್ ಲಾಪೋರ್ಟಾ ಆದವು. ಗಿಬ್ಸ್‌ರನ್ನು ಅಷ್ಟು ಬೇಗ ಆರಿಸಿದ್ದು ತಪ್ಪು ಎಂದು ಮರುದಿನ ಅನೇಕ ಪಂಡಿತರು ಬರೆದರು. ಲಾಪೋರ್ಟಾ ಅದೇ ಋತುವಿನಲ್ಲಿ 86 ಚೆಂಡು ಹಿಡಿದು, ತನ್ನ ಸ್ಥಾನದಲ್ಲಿ ಆಡುವ ಹೊಸಬರ ಮಟ್ಟಿಗೆ ಅದುವರೆಗಿನ ದಾಖಲೆ ಮುರಿದರು.

ನನಗೆ ಇವರೆಲ್ಲರಿಗಿಂತ ಇಷ್ಟವಾದದ್ದು 2021ರ ನಾಲ್ಕನೇ ಸುತ್ತಿನ ಕಥೆ. 112ನೆಯವನಾಗಿ ಬಂದ ಅಮಾನ್-ರಾ ಸೇಂಟ್ ಬ್ರೌನ್‌ಗೆ ತನಗಿಂತ ಮೊದಲು ಆಯ್ಕೆಯಾದ ಹದಿನಾರು ರಿಸೀವರ್‌ಗಳ ಹೆಸರೂ ನೆನಪಿದೆ. ಆ ಮೊದಲ ಋತುವಿನಲ್ಲಿ ತಂಡ ಗೆದ್ದದ್ದು ಮೂರೇ ಪಂದ್ಯ. ಮುಂದಿನ ವರ್ಷ ಮೊದಲ ಏಳರಲ್ಲಿ ಒಂದೇ ಗೆಲುವು. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿರಲಿಲ್ಲ. ಹತ್ತಿರದಿಂದ ನೋಡುತ್ತಿದ್ದವರು ಬೇರೆಯದನ್ನು ಕಂಡಿದ್ದರು. ಹಿರಿಯರು ಹೇಳಿದ್ದು: "ಸೋಲ್ತಾ ಇದ್ರು, ಆದ್ರೆ ಕೊನೇ ನಿಮಿಷದವರೆಗೂ ಯಾರೂ ನಿಂತು ನೋಡ್ತಾ ಇರಲಿಲ್ಲ." ಇದು ಜೌಗಿನಲ್ಲಿ ಕೂತವನ ಮಾತು. 2023ರಲ್ಲಿ ಹನ್ನೆರಡು ಗೆಲುವು. 2024ರ ಜನವರಿ 14ರಂದು ರ‍್ಯಾಮ್ಸ್ ತಂಡದೊಂದಿಗೆ ಸ್ಟಾಫರ್ಡ್ ಪ್ಲೇಆಫ್ ಪಂದ್ಯಕ್ಕೆ ಡೆಟ್ರಾಯಿಟ್‌ಗೇ ಬಂದರು. ಲಯನ್ಸ್ 24-23ರಲ್ಲಿ ಗೆದ್ದಿತು. ಮೂವತ್ತೆರಡು ವರ್ಷದ ಬರ ಮುರಿಯಿತು. ಸೇಂಟ್ ಬ್ರೌನ್ ಆ ಋತುವಿನಲ್ಲಿ ಲೀಗಿನ ಅತ್ಯುತ್ತಮರ ಪಟ್ಟಿ ಸೇರಿದರು.

ಅದೇ ವರ್ಷ ಏಪ್ರಿಲ್ 25ರಿಂದ 27ರವರೆಗೆ ಡ್ರಾಫ್ಟ್ ಈ ಊರಿಗೇ ಬಂತು. ಕ್ಯಾಂಪಸ್ ಮಾರ್ಷಿಯಸ್ ಚೌಕದಿಂದ ನದಿಗೆ ತಾಗಿರುವ ಹಾರ್ಟ್ ಪ್ಲಾಜಾವರೆಗೆ ಜನ. ಮೂರು ದಿನಕ್ಕೆ 7,75,000ಕ್ಕೂ ಹೆಚ್ಚು ಮಂದಿ ಬಂದರೆಂದು ಲೀಗ್ ಹೇಳಿತು; ಡೆಟ್ರಾಯಿಟ್‌ನಲ್ಲಿ ವಾಸಿಸುವವರು 2020ರ ಜನಗಣತಿಯಂತೆ 6,39,000. 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದ ಊರು ಇದು. ಟ್ರಾಯ್, ನೋವೈ, ಕ್ಯಾಂಟನ್ ಊರುಗಳ ಕಾರು ಕಂಪನಿಗಳ ಕನ್ನಡಿಗ ಇಂಜಿನಿಯರ್‌ಗಳೂ ನೀಲಿ ಅಂಗಿ ತೊಟ್ಟ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಆ ಮಕ್ಕಳು ಅಪ್ಪಂದಿರಿಗೆ ಆಟದ ನಿಯಮ ಹೇಳಿಕೊಡುತ್ತಿದ್ದರು. ಇಪ್ಪತ್ತೊಂಬತ್ತನೆಯ ಸರದಿಯಿಂದ ಇಪ್ಪತ್ತನಾಲ್ಕಕ್ಕೆ ಏರಿ ಲಯನ್ಸ್ ಅಲಬಾಮಾದ ಟೆರಿಯನ್ ಆರ್ನಾಲ್ಡ್‌ರನ್ನು ಆರಿಸಿದಾಗ ಎದ್ದ ಸದ್ದು ನದಿಯವರೆಗೂ ಕೇಳಿತು. ಇಷ್ಟು ಹಿಂದಿನ ಸರದಿ ಎಂದರೆ ತಂಡ ಗೆಲ್ಲುತ್ತಿದೆ ಎಂದರ್ಥ. ದಂಡೆಯ ಹಿರಿಯರಿಗೆ ಆರ್ನಾಲ್ಡ್‌ಗಿಂತ ಆ ಸಂಖ್ಯೆಯೇ ಹೆಚ್ಚು ಹಿಡಿಸಿದಂತೆ ಕಂಡಿತು.

ಆದರೆ ಕಟ್ಟಿದ್ದು ನಿಲ್ಲುತ್ತದೆಂಬ ಖಾತ್ರಿ ಯಾರಿಗೂ ಇಲ್ಲ. 2024ರ ಋತುವಿನಲ್ಲಿ ಹದಿನೇಳರಲ್ಲಿ ಹದಿನೈದು ಪಂದ್ಯ ಗೆದ್ದರು. ಮಿಷಿಗನ್ನಿನಲ್ಲೇ ಬೆಳೆದು 2022ರಲ್ಲಿ ಎರಡನೆಯ ಸರದಿಯಲ್ಲಿ ತಂಡ ಸೇರಿದ ಏಡನ್ ಹಚಿನ್ಸನ್‌ರ ಕಾಲು ಅಕ್ಟೋಬರಿನಲ್ಲಿ ಮುರಿಯಿತು. ಅವರ ಹಿಂದೆ ಒಬ್ಬೊಬ್ಬರಾಗಿ ರಕ್ಷಣಾ ಪಡೆಯ ಅನೇಕರು ಗಾಯಗೊಂಡರು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ವಾಷಿಂಗ್ಟನ್ನಿಗೆ 45-31ರಲ್ಲಿ ಸೋತರು. ಅಷ್ಟು ಗೆದ್ದ ತಂಡ ಹೀಗೆ ಸೋತದ್ದನ್ನು ನೋಡಿಯೂ ಏಪ್ರಿಲ್‌ನಲ್ಲಿ ದಂಡೆಯ ಮಾತು ಶುರುವಾದದ್ದು ದೂರಿನಿಂದಲ್ಲ: ಐದನೇ ಸುತ್ತಿನಲ್ಲಿ ಯಾರು ಉಳಿದಿರುತ್ತಾರೆ ಎಂಬುದರಿಂದ. ಮೊಮ್ಮಗ ತನ್ನದೇ ಪಟ್ಟಿ ಬರೆದು ತಂದಿದ್ದ. ತಾತ ಅದನ್ನು ಓದಿ, ಕಾಲೇಜಿನಲ್ಲಿ ಮೂರು ವರ್ಷ ಬೆಂಚ್ ಮೇಲೆ ಕೂತು ನಾಲ್ಕನೆಯ ವರ್ಷ ಆಡಿದ ಒಬ್ಬನ ಹೆಸರಿನ ಕೆಳಗೆ ಗೆರೆ ಎಳೆದರು. ಆ ಗೆರೆಯಲ್ಲಿರುವ ವಿವೇಕವನ್ನು ಟಿವಿಯ ಎಷ್ಟೋ ಚರ್ಚೆಗಳಲ್ಲಿ ನಾನು ಕಂಡಿಲ್ಲ.

ಡ್ರಾಫ್ಟ್ ಮುಗಿದ ಮರುದಿನವೇ ಪ್ರತಿ ತಂಡಕ್ಕೂ ಪತ್ರಿಕೆಗಳು ಅಂಕ ಕೊಡುತ್ತವೆ. ಮೊಟ್ಟೆ ಒಡೆಯುವ ಮುನ್ನ ಮೀನು ತೂಗುವ ಈ ಅಭ್ಯಾಸಕ್ಕೆ ಬೆಲೆ ಕೊಡಬೇಡಿ. 2021ರ ಆಯ್ಕೆಗಳು ಏನೆಂದು ಗೊತ್ತಾದದ್ದು 2023ರಲ್ಲಿ. 2024ರ ಆಯ್ಕೆಗಳ ಬಗ್ಗೆ ನಿಜವಾದ ಮಾತು ಆಡಲು 2027ರವರೆಗೆ ಕಾಯಬೇಕು. ಫೈಟಿಂಗ್ ಐಲೆಂಡಿನಲ್ಲಿ 2009ರಲ್ಲಿ ಹುಟ್ಟಿದ ಹೆಣ್ಣು ಸ್ಟರ್ಜನ್‌ಗಳು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಇನ್ನೂ ಹೆಚ್ಚು ಕಾಲ ಬೇಕು. ಮಿಷಿಗನ್ನಿನಲ್ಲಿರುವ ಕನ್ನಡದ ಓದುಗರು ಏಪ್ರಿಲ್ ಕೊನೆಯ ಒಂದು ಶನಿವಾರ ಮಕ್ಕಳನ್ನು ಬೆಲ್ ಐಲ್‌ಗೆ ಕರೆದೊಯ್ಯಿರಿ. ಬೈನಾಕ್ಯುಲರ್ ಜೊತೆಗಿರಲಿ, ಮತ್ತು ಗಾಳ ಹಿಡಿದು ನಿಂತವರ ಮಾತನ್ನು ಸ್ವಲ್ಪ ಹೊತ್ತು ಕೇಳಿ.